ಆತಂಕಕ್ಕೆ ಗುಂಪಿನಲ್ಲಿ ಕೂರೋದಾ, ಒಬ್ಬರೇ ಹೋಗೋದಾ?

ಇಸಿಜಿ ಆಯ್ತು, ಗ್ಯಾಸ್ಟ್ರಿಕ್ ಮಾತ್ರೆ ಆಯ್ತು, ಥೈರಾಯ್ಡ್ ಟೆಸ್ಟೂ ಆಯ್ತು. ಎಲ್ಲ ನಾರ್ಮಲ್. ಆದರೂ ಆರು ತಿಂಗಳಿಂದ ಬೆಳಗಾದರೆ ಎದೆ ಡವಡವ, ರಾತ್ರಿಯಾದರೆ ನಿದ್ದೆ ಇಲ್ಲ. ಕೊನೆಗೆ ಡಾಕ್ಟರು ‘ಕೌನ್ಸೆಲಿಂಗ್‌ಗೆ ಹೋಗಿ’ ಅಂತಾರೆ. ಅಲ್ಲಿ ಗುಂಪು, ಅಂದರೆ ಏಳೆಂಟು ಜನ ಒಟ್ಟಿಗೆ ಕೂತು ತಗೊಳ್ಳೋ ಚಿಕಿತ್ಸೆ, ಅಂದ ತಕ್ಷಣ ಕೋಲಾರ, ಚಿಂತಾಮಣಿ ಕಡೆಯವರು ಹಿಂದೆ ಸರೀತಾರೆ. ಊರು ಚಿಕ್ಕದು, ಬೀಗರ ಕಡೆಯವರು ಯಾರಾದರೂ ಸಿಕ್ಕಿಬಿಟ್ಟರೆ?

ಈ ಭಯ ಸುಳ್ಳಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆ ಕೊಡೋರಿಗೆ ಗುಟ್ಟು ಕಾಪಾಡಿ ಅನ್ನುತ್ತೆ. ಪಕ್ಕದ ಕುರ್ಚಿಯವರ ಬಾಯಿಗೆ ಬೀಗ ಹಾಕಲ್ಲ. ಅದಕ್ಕೇ ಸೇರೋ ಮುಂಚೆ ಯಾವ ಯಾವ ಊರಿನವರಿದ್ದಾರೆ ಅಂತ ಕೇಳಿ. ಶಿಡ್ಲಘಟ್ಟದವರು ಚಿಕ್ಕಬಳ್ಳಾಪುರದ ಗುಂಪಿಗೆ, ಮಾಲೂರಿನವರು ಕೋಲಾರದ ಗುಂಪಿಗೆ ಹೋದರೆ ಈ ತಲೆನೋವು ಅರ್ಧ ಕಮ್ಮಿ.

ನನ್ನ ಅಭಿಪ್ರಾಯ ಕೇಳಿದರೆ, ಸದಾ ಕಾಡೋ ಚಿಂತೆಗೆ ಪಾಠದ ಹಾಗೆ ನಡೆಯೋ, ಹೋಂವರ್ಕ್ ಕೊಟ್ಟು ನೋಡೋ ಗುಂಪು ಬಹಳ ಜನಕ್ಕೆ ಸಾಕು. ಕಷ್ಟ ಹೇಳಿಕೊಂಡು ಎದ್ದು ಬರೋ ಗುಂಪು ಮಾತ್ರ ಬೇಡವೇ ಬೇಡ.

ಯಾಕೆ ಅಂತ ನೋಡಿ. ಒಬ್ಬರು ಹೇಳ್ತಾರೆ: ‘ಶುಕ್ರವಾರ ಮಂಡಿಗೆ ಟೊಮೆಟೊ ಹಾಕ್ತೀನಿ, ರೇಟು ಬಿದ್ದರೆ ಸಾಲ ಹೇಗೆ ಕಟ್ಟಲಿ, ಮಗಳ ಫೀಸು ಏನು ಮಾಡಲಿ?’ ಉಳಿದ ಏಳು ಜನ ಒಟ್ಟಿಗೆ, ‘ಏನೂ ಆಗಲ್ಲ ಬಿಡಣ್ಣ, ದೇವರಿದ್ದಾನೆ.’ ಒಳ್ಳೇ ಮನಸ್ಸಿನ ಮಾತೇ. ಆದರೆ ಆ ಸಮಾಧಾನ ಬಸ್ ಸ್ಟ್ಯಾಂಡ್ ತಲುಪೋ ಹೊತ್ತಿಗೆ ಕರಗಿ, ಮನಸ್ಸು ಮತ್ತೆ ಧೈರ್ಯ ಹೇಳೋರನ್ನ ಹುಡುಕುತ್ತೆ. ಆತಂಕ ಬೆಳೆಯೋದೇ ಹೀಗೆ. ಗುಂಪು ನಡೆಸೋರು ಅಲ್ಲೇ ತಡೀಬೇಕು. ಸಾಲದ ಕಂತು ಮುಂದೂಡೋಕೆ ಬ್ಯಾಂಕಿನಲ್ಲಿ ಕೇಳೋದು ಕೈಯಲ್ಲಿರೋ ಕೆಲಸ, ಅದಕ್ಕೆ ದಿನ ಗೊತ್ತು ಮಾಡಿ. ಶುಕ್ರವಾರದ ರೇಟು ಕೈಯಲ್ಲಿಲ್ಲ. ‘15 ಕೆ.ಜಿ. ಬಾಕ್ಸಿಗೆ ಇಷ್ಟಕ್ಕೆ ಬೀಳುತ್ತೆ’ ಅಂತ ನೋಟ್‌ಬುಕ್ಕಲ್ಲಿ ಬರೆಸಿ, ಮುಂದಿನ ವಾರ ನಿಜವಾದ ರೇಟಿನ ಜೊತೆ ತಾಳೆ ನೋಡೋದು. ಉಳಿದ ಚಿಂತೆಗೆ ಸಂಜೆ 20 ನಿಮಿಷ ನಿಗದಿ, ಮಲಗೋ ಹೊತ್ತಿಗಂತೂ ಅಲ್ಲ. ಎಂಟು ನೋಟ್‌ಬುಕ್ ಒಟ್ಟಿಗೆ ತೆರೆದಾಗ, ಎಷ್ಟು ಭಯ ಹುಸಿಯಾಯ್ತು ಅನ್ನೋದು ಕಣ್ಣಿಗೇ ಕಾಣುತ್ತೆ. ಒಬ್ಬರೇ ಹೋದರೆ ಇದು ಸಿಗಲ್ಲ.

ಇನ್ನು ಖರ್ಚು. ಗುಂಪು ಬಹಳ ಅಗ್ಗ ಅನ್ನೋದು ಅರ್ಧ ಸತ್ಯ. ಎಂಟು ಜನ, ಇಬ್ಬರು ಥೆರಪಿಸ್ಟು, ಎರಡೆರಡು ಗಂಟೆಯ 12 ವಾರ ಅಂದರೆ ಥೆರಪಿಸ್ಟುಗಳ 48 ಗಂಟೆ. ಒಬ್ಬೊಬ್ಬರಿಗೂ ಗಂಟೆ ಲೆಕ್ಕದಲ್ಲಿ 12 ಸೆಷನ್ ಕೊಟ್ಟರೆ 96. ಉಳಿಯೋದು ಅರ್ಧ. ಮನೋವೈದ್ಯರೇ ಕಮ್ಮಿ ಇರೋ ಜಿಲ್ಲೆಗೆ ಅದೂ ದೊಡ್ಡದೇ. ಆದರೆ ಎರಡು ಗಂಟೆಯಲ್ಲಿ ಹೋಂವರ್ಕ್ ನೋಡೋಕೇ ತಲಾ 5 ನಿಮಿಷದಂತೆ 40 ನಿಮಿಷ ಹೋಗುತ್ತೆ. 15 ಜನ ತುಂಬಿದರೆ ಹೋಂವರ್ಕೇ ಬಿಟ್ಟುಹೋಗುತ್ತೆ, ಉಳಿಯೋದು ಭಾಷಣ.

ಒಬ್ಬರೇ ಹೋಗಲೇಬೇಕಾದವರೂ ಇದ್ದಾರೆ. ಮನೆಯಲ್ಲಿ ಹೊಡೆತ ತಿಂದವರು, ಹಳೇ ಆಘಾತ ಇರೋರು. ಸಾಯೋ ಯೋಚನೆ ಬರ್ತಿದ್ದರೆ ಗುಂಪಿನ ದಿನಕ್ಕೆ ಕಾಯಬೇಡಿ. ಇವತ್ತೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ. ಜನರ ಎದುರು ಬಾಯಿ ಬಿಡೋಕೇ ಭಯ ಇರೋರಿಗೆ ಗುಂಪೇ ಔಷಧಿ ಅನ್ನಿಸಬಹುದು. ಆದರೆ ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಅಂತ ಹೇಳೋ ಬ್ರಿಟನ್ನಿನ ನೈಸ್ ಸಂಸ್ಥೆಯ 2013ರ ಮಾರ್ಗಸೂಚಿ ಅಂಥವರಿಗೆ ಒಬ್ಬೊಬ್ಬರಾಗಿ ಕೊಡೋ ಸಿಬಿಟಿಯನ್ನೇ (ಯೋಚನೆ, ನಡವಳಿಕೆ ಬದಲಿಸೋ ಮಾತಿನ ಚಿಕಿತ್ಸೆ) ಮೊದಲು ಹೇಳುತ್ತೆ. ನನಗೂ ಅದೇ ಸರಿ ಅನ್ನಿಸುತ್ತೆ: ಗುಂಪಿನಲ್ಲಿ ತಲೆ ತಗ್ಗಿಸಿ ಎರಡು ಗಂಟೆ ತಳ್ಳಿಬಿಡಬಹುದು, ಎದುರುಬದುರು ಕೂತಾಗ ಅದು ನಡೆಯಲ್ಲ.

ಯಾವುದೇ ಆಗಲಿ, ಮೊದಲ ದಿನವೇ ಆತಂಕ ಅಳೆಯೋ ಜಿಎಡಿ-7 ಪ್ರಶ್ನಾವಳಿ ತುಂಬಿಸಿಕೊಳ್ಳಿ ಅಂತ ಕೇಳಿ. ಏಳು ಪ್ರಶ್ನೆ, ಒಟ್ಟು 21 ಅಂಕ, ಅಂಕ ಹೆಚ್ಚಿದಷ್ಟೂ ಆತಂಕ ಜಾಸ್ತಿ. ಅಂಕ 10 ದಾಟಿ ಗುಂಪು ಸೇರಿದವರು ಆರನೇ ವಾರ ಅದನ್ನೇ ಮತ್ತೆ ತುಂಬಿ. ನಾಲ್ಕು ಅಂಕವೂ ಇಳಿದಿಲ್ಲ ಅಂದರೆ ಸಂಕೋಚ ಬಿಟ್ಟು ‘ನನಗೆ ಬೇರೆ ಟೈಮ್ ಕೊಡಿ, ಒಬ್ಬನೇ ಬರ್ತೀನಿ’ ಅಂತ ಕೇಳಿ.