31ರ ರಾತ್ರಿಯ ಕುರ್ಚಿ ಬಾಡಿಗೆ

ಎಲ್ಲರಿಗೂ ನಮಸ್ಕಾರ. ಇವತ್ತು ಡಿಸೆಂಬರ್ 24, ಗ್ರಾಹಕರ ದಿನ. 1986ರಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದು ಇದೇ ದಿನ. ಹೊಸ ವರ್ಷದ ರಾತ್ರಿ ಹೋಟೆಲಿನವರು ಸುಲಿಗೆ ಮಾಡುತ್ತಾರೆ, ಮಾಸ್ತರರು ಚೆನ್ನಾಗಿ ಬೈಯುತ್ತಾರೆ ಅಂತ ನನ್ನನ್ನು ಧಾರವಾಡದಲ್ಲಿ ಈ ವೇದಿಕೆಗೆ ಹತ್ತಿಸಿದ್ದೀರಿ. ಕ್ಷಮಿಸಿ. ಇವತ್ತು ನಾನು ಹೋಟೆಲಿನವರ ವಕೀಲ. ಪೂರ್ತಿ ಅಲ್ಲ, ಮುಕ್ಕಾಲು ಪಾಲು.

ಹೋದ ವರ್ಷದ 31ರ ರಾತ್ರಿ. ಮೊಮ್ಮಗಳ ಹಟಕ್ಕೆ ಹುಬ್ಬಳ್ಳಿಯ ಗೋಕುಲ ರಸ್ತೆ ಕಡೆ ಒಂದು ಹೋಟೆಲಿಗೆ ಹೋದೆವು. ಹೆಸರು ಬೇಡ. ನಾಲ್ಕು ಜನ. ಕೂತು ಮೆನು ಕೇಳಿದೆ. ಸಪ್ಲೈಯರ್ ಹುಡುಗ ನಕ್ಕ. "ಇವತ್ತ ಮೆನು ಇಲ್ರೀ ಅಜ್ಜಾರ, ಬಫೆ ಅಷ್ಟ. ತಲಿಗೆ ಸಾವಿರದ ಇನ್ನೂರು."

ಬೇರೆ ದಿನ ಅಲ್ಲಿ 300 ರೂಪಾಯಿಗೆ ಹೊಟ್ಟೆ ತುಂಬುತ್ತದೆ. ನಮ್ಮ ಮನೆಯವರು ಆಗಲೇ ಚೀಲ ಹೆಗಲಿಗೆ ಹಾಕಿ ಎದ್ದಿದ್ದರು. "ಇಷ್ಟ ರೊಕ್ಕದಾಗ ತಿಂಗಳ ಕಿರಾಣಿ ಬರ್ತೈತಿ!" ಮೊಮ್ಮಗಳ ತುಟಿ ನಡುಗಿತು. ಸರಿ, ಕೂತೆವು. ಗೋಬಿ ಮಂಚೂರಿ ತಣ್ಣಗಾಗಿತ್ತು. ಸ್ಪೀಕರ್ ನನ್ನ ಕಿವಿಯ ಪಕ್ಕದಲ್ಲೇ ಇತ್ತು. ಆದರೂ ಹನ್ನೆರಡು ಹೊಡೆಯುವ ತನಕ ಒಬ್ಬರೂ ಏಳಲಿಲ್ಲ. ನಾನೂ ಏಳಲಿಲ್ಲ. ಕೊಟ್ಟ ರೊಕ್ಕ ವಸೂಲ್ ಆಗಬೇಕಲ್ಲ! ನಾಲ್ಕು ಸಲ ಗುಲಾಬ್ ಜಾಮೂನು ಹಾಕಿಸಿಕೊಂಡೆ. ನನಗೆ ಸಕ್ಕರೆ ಕಾಯಿಲೆ. ನಮ್ಮ ಡಾಕ್ಟರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ, ಅವರಿಗೆ ಕೇಳಿಸಲಿಲ್ಲ ಅಂದುಕೊಳ್ಳುತ್ತೇನೆ.

ಯಾರೂ ಏಳಲಿಲ್ಲ ಅಂದೆನಲ್ಲ, ಲೆಕ್ಕ ಇರುವುದು ಅಲ್ಲೇ. ಮರುದಿನ ಕ್ಯಾಲೆಂಡರಿನ ಹಿಂಬದಿ ಬರೆದು ನೋಡಿದೆ. ಬೇರೆ ದಿನ ನಾಲ್ಕು ಕುರ್ಚಿಯ ಟೇಬಲ್ ರಾತ್ರಿ ಮೂರು ಸಲ ತುಂಬುತ್ತದೆ ಅನ್ನಿ. ಹನ್ನೆರಡು ಜನ, ತಲೆಗೆ 300, ಒಟ್ಟು 3,600. 31ರಂದು ಆ ಟೇಬಲ್ಲಿಗೆ ನಾವು ನಾಲ್ವರೇ. ಅದೇ 3,600 ಬರಬೇಕಾದರೆ ನಮ್ಮ ತಲೆಗೆ 900 ಬೀಳುತ್ತದೆ. ಉಳಿದ 300 ಹಾಡುವವನಿಗೆ, ಬಲೂನಿಗೆ, ಮನೆ ಬಿಟ್ಟು ನಿಂತ ಹುಡುಗರಿಗೆ. ಎಂಟು ಜನರ ಅಡುಗೆ ಖರ್ಚು ಉಳಿಯಿತಲ್ಲ ಸರ್ ಅಂತ ಕಾಮರ್ಸ್ ಹುಡುಗರು ಕೇಳಬಹುದು. ಉಳಿಯಿತು, ನಿಜ. ಆದರೆ ನನ್ನ ಜಾಮೂನು ಲೆಕ್ಕಕ್ಕೆ ಹಿಡಿಯಿರಿ.

ಅಂದರೆ ಅವತ್ತು ನಾವು ಕೊಟ್ಟದ್ದು ಊಟದ ಬೆಲೆ ಅಲ್ಲ, ಕುರ್ಚಿ ಬಾಡಿಗೆ. ದೀಪಾವಳಿಗೆ ಬೆಂಗಳೂರಿನಿಂದ ಬರುವ ಖಾಸಗಿ ಬಸ್ಸನ್ನೇ ನೋಡಿ. ಬರುವಾಗ ತುಂಬಿ ಬರುತ್ತದೆ, ಹೋಗುವಾಗ ಖಾಲಿ ಸೀಟು ಹೊತ್ತು ಹೋಗುತ್ತದೆ. ಆ ಖಾಲಿ ಸೀಟಿನ ರೊಕ್ಕವೂ ನಿಮ್ಮ ಟಿಕೆಟ್ಟಿನಲ್ಲೇ ಇರುತ್ತದೆ.

ಹಾಗಾದರೆ ಖಾನಾವಳಿಯಲ್ಲಿ ಯಾಕೆ ಹೆಚ್ಚಾಗುವುದಿಲ್ಲ? ಇದನ್ನು ನಾನು ದಿನಾ ಊಟ ಮಾಡುವ ಖಾನಾವಳಿಯ ಯಜಮಾನರನ್ನೇ ಕೇಳಿದೆ. "ನಮ್ಮವ್ರು ತಿಂಗಳ ಊಟದವ್ರರೀ ಮಾಸ್ತರ್ರ. ಒಂದಿನ ಐವತ್ತ ರೂಪಾಯಿ ಜಾಸ್ತಿ ತಗೊಂಡ್ರ ಮರುದಿನ ಹ್ಯಾಂಗ ಮಾರಿ ತೋರಸಲಿ?" ನಾನು ಮೂವತ್ತು ವರ್ಷ ಅರ್ಥಶಾಸ್ತ್ರ ಕಲಿಸಿದವನು. ಇಷ್ಟು ಚೆಂದ ನನಗೆ ಹೇಳಲು ಬಂದಿರಲಿಲ್ಲ. ನಾಳೆಯೂ ಬರುವವರ ಮೇಲೆ ದರ ಏರುವುದಿಲ್ಲ. ವರ್ಷಕ್ಕೊಮ್ಮೆ ಬರುವವರ ಮೇಲೆ ಏರುತ್ತದೆ. ಗೋಕುಲ ರಸ್ತೆಯವನಿಗೆ ನಾನು ಮತ್ತೆ ಮಾರಿ ತೋರಿಸುವುದು ಮುಂದಿನ 31ಕ್ಕೇ ಅಲ್ವಾ?

ಈಗ ನಾನು ಹೋಟೆಲಿನವರ ವಕೀಲ ಅಲ್ಲದ ಉಳಿದ ಕಾಲು ಪಾಲು. ಅವತ್ತು ರಾತ್ರಿ ಬಿಲ್ ಬಂತು. ಕೊನೆಗೆ ಎರಡು ಸಾಲು. 5 ಪರ್ಸೆಂಟ್ ಜಿಎಸ್‌ಟಿ, ಅದು ಸರಕಾರದ್ದು. ಅದರ ಮೇಲೆ ಸರ್ವಿಸ್ ಚಾರ್ಜ್, ಅದು ಸರಕಾರದ್ದಲ್ಲ! ಬಿಲ್ಲಿನಲ್ಲಿ ತಾವೇ ಸೇರಿಸಿ ಕಡ್ಡಾಯ ಮಾಡುವಂತಿಲ್ಲ ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆ. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. 1,200 ಅಂತ ಬಾಗಿಲಲ್ಲಿ ಬೋರ್ಡ್ ಹಾಕಲಿ, ನನ್ನ ತಕರಾರಿಲ್ಲ. ಬೇಡದವರು ಬಾಗಿಲಿಂದಲೇ ಗಿರಮಿಟ್ ಅಂಗಡಿಗೆ ಹೋಗುತ್ತಾರೆ. ಮಗುವನ್ನು ಕೂರಿಸಿದ ಮೇಲೆ ದರ ಹೇಳುವುದು, ತಿಂದ ಮೇಲೆ ಇನ್ನೊಂದು ಸಾಲು ಸೇರಿಸುವುದು, ನನ್ನ ಜಗಳ ಇದರ ಜೊತೆ. ಹಾಗೇನಾದರೂ ಆದರೆ ಗ್ರಾಹಕ ಸಹಾಯವಾಣಿ 1915. ಬರೆದುಕೊಳ್ಳಿ.

ಅಧ್ಯಕ್ಷರ ಚೀಟಿ ಬಂತು. ದಸರೆಯ ಚೆಂಡು ಹೂವಿನ ದರ, ನೀರಿನ ಬಾಟಲಿ, ಇನ್ನೂ ಏನೇನೋ ಬರೆದುಕೊಂಡಿದ್ದೆ. ಬಿಡಿ. ಒಂದೇ ಮಾತು ಹೇಳಿ ಕೂರುತ್ತೇನೆ. ಈ ಸಲ 31ಕ್ಕೆ ಖಾನಾವಳಿಗೇ ಹೋಗೋಣ ಅಂತ ಮನೆಯಲ್ಲಿ ಒಪ್ಪಿಸಿ, ಮುಂಜಾನೆ ಯಜಮಾನರಿಗೆ ಫೋನ್ ಹಚ್ಚಿದೆ.

"ಅವತ್ತ ರಾತ್ರಿ ಬಂದ್ ರೀ ಮಾಸ್ತರ್ರ" ಅಂದರು. "ನಮ್ಮ ಹುಡುಗ ಗೋಕುಲ ರಸ್ತೆ ಹೋಟೆಲಿನಾಗ ಟೇಬಲ್ ಬುಕ್ ಮಾಡ್ಯಾನ."