ಹಲ್ಲು ಜುಮ್ಮೆಂದರೆ ಕೈ ಹಗುರವಾಗಲಿ

ಹಿರಿಯರೇ, ತಾಯಂದಿರೇ, ಮಾಟುಂಗದ ಕನ್ನಡ ಬಂಧುಗಳೇ,

ಸಭೆ ಆರಂಭವಾಗುವ ಮುಂಚೆ ಹೊರಗೆ ಶರಬತ್ತು ಕೊಟ್ಟರು. ಇಲ್ಲಿಯವರಿಗೆ ಅದು ಕೋಕಂ, ನಮ್ಮ ಕರಾವಳಿಯವರಿಗೆ ಪುನರ್ಪುಳಿ. ಹಿರಿಯರೊಬ್ಬರು ಒಂದು ಗುಟುಕು ಕುಡಿದವರೇ ಕೆನ್ನೆ ಹಿಡಿದುಕೊಂಡು ಲೋಟವನ್ನು ಕೆಳಗಿಟ್ಟರು. ಇಂದಿನ ಮಾತನ್ನು ಆ ಲೋಟದಿಂದಲೇ ಆರಂಭಿಸುತ್ತೇನೆ.

ದಂತವೈದ್ಯನಾಗಿ ನಾನು ಮತ್ತೆ ಮತ್ತೆ ಕೇಳುವ ಮಾತೊಂದಿದೆ: ‘ಹಲ್ಲು ಜುಮ್ಮೆನ್ನುತ್ತದೆ ಡಾಕ್ಟರೇ, ಅದಕ್ಕೇ ಈಗ ಇನ್ನೂ ಜೋರಾಗಿ ಉಜ್ಜುತ್ತಿದ್ದೇನೆ.’ ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಕೊಳೆಯಿಂದ ನೋವು ಬಂದಿದೆ ಎಂದು ನಂಬಿ, ನೋವಿಗೆ ಕಾರಣವಾದ ಕೆಲಸವನ್ನೇ ಅವರು ಹೆಚ್ಚಿಸಿರುತ್ತಾರೆ.

ಹಲ್ಲಿನ ಹೊರಕವಚ ಎನಾಮೆಲ್. ದೇಹದಲ್ಲಿ ಅದಕ್ಕಿಂತ ಗಟ್ಟಿಯಾದದ್ದು ಬೇರೊಂದಿಲ್ಲ. ಅದರಡಿಯ ಡೆಂಟಿನ್ ಎಂಬ ಪದರದಲ್ಲಿ ಕಣ್ಣಿಗೆ ಕಾಣದ ಅಸಂಖ್ಯ ಕೊಳವೆಗಳಿದ್ದು, ಅವುಗಳಲ್ಲಿ ದ್ರವ ತುಂಬಿರುತ್ತದೆ. ಕೊಳವೆಗಳ ಬಾಯಿ ತೆರೆದಿದ್ದಾಗ ತಣ್ಣನೆಯದು ಸೋಕಿದರೆ ಆ ದ್ರವ ಸರಕ್ಕನೆ ಸರಿಯುತ್ತದೆ, ಒಳಗಿನ ನರ ಬೆಚ್ಚುತ್ತದೆ. 1960ರ ದಶಕದಲ್ಲಿ ಸ್ವೀಡನ್ನಿನ ಮಾರ್ಟಿನ್ ಬ್ರಾನ್‌ಸ್ಟ್ರಾಮ್ ಈ ವಿವರಣೆಗೆ ಪ್ರಯೋಗಗಳ ಬಲ ಕೊಟ್ಟರು.

ಕೊಳವೆಗಳ ಆ ಬಾಯಿ ಹೆಚ್ಚಾಗಿ ತೆರೆದುಕೊಳ್ಳುವುದು ವಸಡಿನ ಅಂಚಿನಲ್ಲಿ. ಬಿರುಸು ಬ್ರಷ್ಷು, ಇದ್ದಿಲು, ಉಪ್ಪು, ಅಡ್ಡಡ್ಡ ತಿಕ್ಕಾಟ ಇವುಗಳಿಂದ ವಸಡು ಹಿಂದೆ ಸರಿದು ಬೇರು ಹೊರಗೆ ಕಾಣುತ್ತದೆ. ಬೇರಿನ ಮೇಲೆ ಎನಾಮೆಲ್ ಇರುವುದಿಲ್ಲ. ಸರಿದ ವಸಡು ತಾನಾಗಿ ಮರಳಿ ಬೆಳೆಯುವುದೂ ಇಲ್ಲ. ಮಿಶ್ರಿ ಉಜ್ಜುವ ತಾಯಂದಿರು ಇಲ್ಲಿದ್ದರೆ ಕೈಮುಗಿದು ಕೇಳುತ್ತೇನೆ, ಬಿಟ್ಟುಬಿಡಿ. ಅದು ಹುರಿದ ತಂಬಾಕು. ವಸಡಿಗಷ್ಟೇ ಅಲ್ಲ, ಜೀವಕ್ಕೇ ಕುತ್ತು.

ಇನ್ನು ಹುಳಿ. ಶರಬತ್ತು, ನಿಂಬೆಪಾನಕ ಬೇಡವೆಂದು ನಾನು ಹೇಳುವುದಿಲ್ಲ, ಮುಂಬಯಿಯ ಸೆಕೆ ನನಗೂ ಗೊತ್ತು. ಆದರೆ ಡೊಂಬಿವಲಿಯಲ್ಲಿ ಲೋಕಲ್ ಹತ್ತಿ ಸಿಎಸ್‌ಎಂಟಿ ನಿಲ್ದಾಣದಲ್ಲಿ ಇಳಿಯುವವರೆಗೂ ಬಾಟಲಿಯಿಂದ ಗುಟುಕು ಗುಟುಕಾಗಿ ಹೀರಿದರೆ, ಅಷ್ಟು ಹೊತ್ತೂ ಹಲ್ಲು ಆಮ್ಲದಲ್ಲಿ ನೆನೆಯುತ್ತದೆ. ಹುಳಿ ಅಳೆಯುವ ಪಿಎಚ್ ಎಂಬ ಅಂಕಿ ಇಳಿದಷ್ಟೂ ಹುಳಿ ಹೆಚ್ಚು; ಬಾಯಿಯಲ್ಲಿ ಅದು ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್ ಕರಗತೊಡಗುತ್ತದೆ. ಒಮ್ಮೆಗೇ ಕುಡಿದು ಮುಗಿಸಿ, ನೀರಿನಿಂದ ಬಾಯಿ ಮುಕ್ಕಳಿಸಿ. ತಕ್ಷಣ ಬ್ರಷ್ ಹಿಡಿಯಬೇಡಿ. ಮೆದುವಾದ ಮೇಲ್ಪದರ ಎದ್ದುಹೋಗುತ್ತದೆ. ಅರ್ಧ ಗಂಟೆಯಾದರೂ ಜೊಲ್ಲಿಗೆ ತನ್ನ ಕೆಲಸ ಮಾಡಲು ಬಿಡಿ.

ಮೆದು ಬ್ರಷ್ಷನ್ನು ಪೆನ್ನಿನಂತೆ ಹಿಡಿಯಿರಿ, ಒತ್ತಡ ತಾನೇ ಇಳಿಯುತ್ತದೆ. ಜುಮ್ಮೆನ್ನುವ ಹಲ್ಲಿಗೆಂದೇ ಮಾರುವ ಪೇಸ್ಟ್‌ಗಳಲ್ಲಿ ಹಲವಕ್ಕೆ ಪೊಟ್ಯಾಸಿಯಂ ನೈಟ್ರೇಟ್ ಹಾಕಿರುತ್ತಾರೆ, ಸಾಮಾನ್ಯವಾಗಿ ಶೇ. 5ರಷ್ಟು. ಅದು ನರವನ್ನು ಶಾಂತಗೊಳಿಸುತ್ತದೆ. ಬೇರೆ ಕೆಲವು ಪೇಸ್ಟ್‌ಗಳು ಕೊಳವೆಗಳ ಬಾಯಿಯನ್ನೇ ಮುಚ್ಚುತ್ತವೆ. ನಾಲ್ಕು ದಿನ ಬಳಸಿ ‘ಪ್ರಯೋಜನವಿಲ್ಲ’ ಎಂದು ಎಸೆಯಬೇಡಿ. ಎರಡರಿಂದ ನಾಲ್ಕು ವಾರ, ದಿನಕ್ಕೆರಡು ಸಲ ಬಳಸಿ ನೋಡಿ. ಉಜ್ಜಿದ ಮೇಲೆ ನೊರೆ ಉಗುಳಿದರೆ ಸಾಕು, ಚೆಂಬುಗಟ್ಟಲೆ ನೀರಿನಲ್ಲಿ ತೊಳೆದರೆ ಔಷಧವೂ ಹೋಗುತ್ತದೆ.

ತಣ್ಣನೆಯದು ಹೋದ ಮೇಲೂ ನೋವು ಉಳಿದರೆ, ರಾತ್ರಿ ಎಬ್ಬಿಸಿದರೆ, ಕಚ್ಚಿದಾಗ ಒಂದೇ ಹಲ್ಲು ಚುಳುಕೆಂದರೆ ಅದು ಪೇಸ್ಟಿನ ಕೆಲಸವಲ್ಲ. ಹುಳುಕೋ ಬಿರುಕೋ ಇರಬಹುದು. ಖರ್ಚಿನ ಭಯದಿಂದ ತಡ ಮಾಡಬೇಡಿ. ಸಿಎಸ್‌ಎಂಟಿ ಹತ್ತಿರ ಸರ್ಕಾರಿ ದಂತ ಕಾಲೇಜಿದೆ, ಮುಂಬಯಿ ಸೆಂಟ್ರಲ್ ಬಳಿ ಪಾಲಿಕೆಯ ನಾಯರ್ ದಂತ ಕಾಲೇಜಿದೆ.

ಲೋಟ ಕೆಳಗಿಟ್ಟ ಹಿರಿಯರು ಇಲ್ಲೇ ಮುಂದಿನ ಸಾಲಿನಲ್ಲಿದ್ದಾರೆ. ಸಭೆ ಮುಗಿದ ಮೇಲೆ ಐದು ನಿಮಿಷ ನಿಲ್ಲಿ ಯಜಮಾನರೇ, ಯಾವ ಹಲ್ಲೆಂದು ನೋಡುತ್ತೇನೆ.