ಬೇಲಿಯ ಈಚೆ ನಿಂತು ನೋಡುವ ಹಕ್ಕು

ಕೇಳುಗರೆಲ್ಲರಿಗೂ ನಮಸ್ಕಾರ.

ಜುಲೈ ತಿಂಗಳ ಕೊನೆಯ ವಾರ ಬಂತೆಂದರೆ ಅಮೆರಿಕದಲ್ಲಿ ಮೂವತ್ತೆರಡು ಫುಟ್‌ಬಾಲ್ ತಂಡಗಳ ತರಬೇತಿ ಶಿಬಿರಗಳು ಶುರುವಾಗುತ್ತವೆ. ತಲೆಗೆ ಹೆಲ್ಮೆಟ್, ಭುಜಕ್ಕೆ ಕವಚ ತೊಟ್ಟು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಅವಚಿಕೊಂಡು ಓಡುತ್ತಾರಲ್ಲ, ಆ ಆಟದ ವಿಷಯ ನಾನು ಹೇಳುತ್ತಿರುವುದು. ಅದನ್ನು ನಡೆಸುವ ಸಂಸ್ಥೆಯ ಹೆಸರು ಎನ್‌ಎಫ್‌ಎಲ್. ಪಂದ್ಯಗಳು ಸೆಪ್ಟೆಂಬರಿನಲ್ಲಿ. ಅದಕ್ಕೆ ಮೊದಲು ಬಿರುಬಿಸಿಲಿನಲ್ಲಿ ಕೆಲವು ವಾರಗಳ ಕಾಲ ಆಟಗಾರರು ಬೆವರು ಸುರಿಸುವ ಕಾಲ ಇದು. ಸಾಧಾರಣ ಸಂಬಳದ ಒಂದು ಸಂಸಾರ ತನ್ನ ಮೆಚ್ಚಿನ ತಂಡವನ್ನು ಹತ್ತಿರದಿಂದ ಕಾಣಬೇಕೆಂದರೆ ಇಂದು ಉಳಿದಿರುವ ದಾರಿ ಬಹುಮಟ್ಟಿಗೆ ಈ ಶಿಬಿರ ಒಂದೇ. ಆ ದಾರಿಯೂ ವರ್ಷ ವರ್ಷಕ್ಕೆ ಕಿರಿದಾಗುತ್ತಿದೆ. ಅದು ಮುಚ್ಚಿಹೋಗಬಾರದು ಎಂಬುದು ನನ್ನ ಕಳಕಳಿ.

ಪಂದ್ಯದ ಟಿಕೆಟ್ಟು ಅಂಥ ಸಂಸಾರದ ಕೈಗೆಟುಕದಷ್ಟು ದುಬಾರಿ. ಅದಕ್ಕೆ ಕಾರಣ ಸರಳ. ಅಮೆರಿಕದ ಬೇಸ್‌ಬಾಲ್ ತಂಡವೊಂದು ಒಂದು ಋತುವಿನಲ್ಲಿ ತನ್ನ ಊರಿನಲ್ಲೇ 81 ಪಂದ್ಯ ಆಡುತ್ತದೆ. ಫುಟ್‌ಬಾಲ್ ತಂಡ ತನ್ನೂರಿನಲ್ಲಿ ಆಡುವುದು ಎಂಟೋ ಒಂಬತ್ತೋ ಪಂದ್ಯ. ನೋಡಬೇಕೆನ್ನುವವರು ಲಕ್ಷಾಂತರ, ಸಿಗುವ ದಿನಗಳು ಬೆರಳೆಣಿಕೆ. ಮೇಲಾಗಿ 1990ರ ದಶಕದಿಂದ ಇನ್ನೊಂದು ಪದ್ಧತಿ ಹಬ್ಬಿತು. ಋತುವಿನ ಟಿಕೆಟ್ಟು, ಅಂದರೆ ತಂಡ ಆ ಋತುವಿನಲ್ಲಿ ತನ್ನೂರಿನಲ್ಲಿ ಆಡುವ ಪಂದ್ಯಗಳಿಗೆಲ್ಲ ಒಟ್ಟಾಗಿ ಸಿಗುವ ಟಿಕೆಟ್ಟು, ಕೊಳ್ಳುವುದಕ್ಕೆ ಮೊದಲು, ಆ ಟಿಕೆಟ್ಟನ್ನು ಕೊಳ್ಳುವ ಹಕ್ಕನ್ನೇ ಹಣ ಕೊಟ್ಟು ಪಡೆಯಬೇಕು. 2010ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡ ಹೊಸ ಕ್ರೀಡಾಂಗಣಕ್ಕೆ ಹೋದಾಗ ಈ ಹಕ್ಕಿಗೆ ಒಂದು ಸೀಟಿಗೆ 1,000 ಡಾಲರಿನಿಂದ 20,000 ಡಾಲರಿನವರೆಗೆ ಬೆಲೆ ಕಟ್ಟಿತು. ಹಕ್ಕಿಗೆ ಅಷ್ಟು, ಟಿಕೆಟ್ಟಿಗೆ ಬೇರೆ, ಕಾರು ನಿಲ್ಲಿಸಲು ಬೇರೆ. ದಶಕಗಳ ಕಾಲ ಅದೇ ಸೀಟಿನಲ್ಲಿ ಕೂತು ತಂಡದ ಸೋಲನ್ನೂ ಗೆಲುವನ್ನೂ ಕಂಡ ಎಷ್ಟೋ ಜನ ಆಗ ಮನೆಯ ಟೀವಿಯ ಮುಂದೆ ಕೂರಬೇಕಾಯಿತು. ಇದನ್ನು ನಾನು ಅನ್ಯಾಯ ಎಂದೇ ಕರೆಯುತ್ತೇನೆ.

ಈಗ ಒಂದು ಸಣ್ಣ ಊರಿಗೆ ಹೋಗೋಣ. ಶಿಕಾಗೊದಿಂದ ಉತ್ತರಕ್ಕೆ, ಮಿಶಿಗನ್ ಸರೋವರವನ್ನು ಬಲಕ್ಕೆ ಇಟ್ಟುಕೊಂಡು ಕಾರಿನಲ್ಲಿ ಮೂರೂವರೆ ಗಂಟೆ ಸಾಗಿದರೆ ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಸಿಗುತ್ತದೆ. ಜನಸಂಖ್ಯೆ ಒಂದು ಲಕ್ಷದ ಏಳು ಸಾವಿರದ ಆಸುಪಾಸು. ಇಲ್ಲಿನ ತಂಡ ಗ್ರೀನ್ ಬೇ ಪ್ಯಾಕರ್ಸ್. ಇದರ ಕ್ರೀಡಾಂಗಣ ಲ್ಯಾಂಬೊ ಫೀಲ್ಡ್‌ನಲ್ಲಿ 81,000ಕ್ಕೂ ಹೆಚ್ಚು ಜನ ಕೂರಬಹುದು. ಪಂದ್ಯದ ದಿನ ಊರಿಗೆ ಊರೇ ಅಲ್ಲಿರುತ್ತದೆ ಎಂದರೆ ಉತ್ಪ್ರೇಕ್ಷೆಯಲ್ಲ.

1919ರಲ್ಲಿ ಕರ್ಲಿ ಲ್ಯಾಂಬೊ ಎಂಬ ತರುಣ ತಾನು ಕೆಲಸ ಮಾಡುತ್ತಿದ್ದ ಮಾಂಸದ ಡಬ್ಬಿಗಳನ್ನು ತಯಾರಿಸುವ ಕಂಪನಿಯ ಬಳಿ ಜೆರ್ಸಿಗಳಿಗೆಂದು ಹಣ ಕೇಳಿದ. ಕಂಪನಿ 500 ಡಾಲರ್ ಕೊಟ್ಟಿತು. ತಂಡಕ್ಕೆ ಪ್ಯಾಕರ್ಸ್, ಅಂದರೆ ಡಬ್ಬಿಗೆ ತುಂಬುವವರು, ಎಂಬ ಹೆಸರು ಬಂದದ್ದು ಹಾಗೆ. ನಾಲ್ಕೇ ವರ್ಷದಲ್ಲಿ ದುಡ್ಡಿಗೆ ತತ್ವಾರವಾಯಿತು. 1923ರಲ್ಲಿ ಊರಿನವರು ತಲಾ ಐದು ಡಾಲರಿನ ಷೇರು ಕೊಂಡು ತಂಡವನ್ನು ಉಳಿಸಿಕೊಂಡರು. 1935ರಲ್ಲಿ ಮತ್ತೊಮ್ಮೆ, 1950ರಲ್ಲಿ ಇನ್ನೊಮ್ಮೆ. 1949ರಲ್ಲಂತೂ ಪರಿಸ್ಥಿತಿ ತೀರ ಹದಗೆಟ್ಟಿತ್ತು. ಆ ವರ್ಷದ ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಆಟಗಾರರು ತಮ್ಮಲ್ಲೇ ಎರಡು ತಂಡವಾಗಿ ಒಡೆದುಕೊಂಡು ಪರಸ್ಪರ ಆಡಿದರು. ಎದುರಾಳಿಯೇ ಇಲ್ಲದ ಆ ಪಂದ್ಯವನ್ನು ನೋಡಲು ಊರಿನವರು ಹಣ ಕೊಟ್ಟು ಬಂದರು. ಸುಮಾರು 50,000 ಡಾಲರ್ ಕೂಡಿತು. ತಂಡ ಬದುಕಿತು.

ಇಂದಿಗೂ ಪ್ಯಾಕರ್ಸ್ ತಂಡಕ್ಕೆ ಕೋಟ್ಯಧಿಪತಿ ಮಾಲೀಕನಿಲ್ಲ. ಐದು ಲಕ್ಷಕ್ಕೂ ಹೆಚ್ಚು ಮಂದಿ ಷೇರುದಾರರೇ ಅದರ ಒಡೆಯರು. ಆ ಷೇರಿಗೆ ಲಾಭಾಂಶ ಬರುವುದಿಲ್ಲ, ಬೆಲೆ ಏರುವುದಿಲ್ಲ, ಲಾಭಕ್ಕೆ ಇನ್ನೊಬ್ಬರಿಗೆ ಮಾರುವಂತೆಯೂ ಇಲ್ಲ. ಅದನ್ನು ಕೊಂಡವರಿಗೆ ಸಿಗುವುದು ಮತ ಹಾಕುವ ಹಕ್ಕು ಮತ್ತು ಬೇಸಿಗೆಯಲ್ಲಿ ಕ್ರೀಡಾಂಗಣದಲ್ಲೇ ನಡೆಯುವ ವಾರ್ಷಿಕ ಸಭೆಗೆ ಕರೆ. ಒಂದು ವೇಳೆ ತಂಡವನ್ನು ಮಾರಿದರೂ ಹಣ ಷೇರುದಾರರ ಜೇಬಿಗೆ ಹೋಗದು, ತಂಡದ ದತ್ತಿ ನಿಧಿಗೆ ಸೇರುತ್ತದೆ. ಹೀಗಾಗಿ ತಂಡವನ್ನು ದೊಡ್ಡ ನಗರಕ್ಕೆ ಒಯ್ದು ಹೆಚ್ಚು ದುಡ್ಡು ಮಾಡೋಣ ಎಂದು ಆಸೆಪಡುವುದಕ್ಕೆ ಅಲ್ಲಿ ಯಾರಿಗೂ ಕಾರಣವಿಲ್ಲ. ಇಂಥ ಒಡೆತನಕ್ಕೆ ಎನ್‌ಎಫ್‌ಎಲ್‌ನ ಈಗಿನ ನಿಯಮದಲ್ಲಿ ಅವಕಾಶವಿಲ್ಲ. ಪ್ಯಾಕರ್ಸ್‌ನದು ನಿಯಮಕ್ಕಿಂತ ಹಳೆಯ ವ್ಯವಸ್ಥೆಯಾದ್ದರಿಂದ ಉಳಿದುಕೊಂಡಿದೆ.

ಒಡೆತನ ಜನರದ್ದಾದ ಮಾತ್ರಕ್ಕೆ ಪಂದ್ಯದ ಟಿಕೆಟ್ಟು ಸುಲಭವಾಗಿ ಸಿಗುತ್ತದೆಯೇ? ಇಲ್ಲ. 1960ರಿಂದ ಇಲ್ಲಿನ ಋತುವಿನ ಟಿಕೆಟ್ಟುಗಳು ಒಂದೂ ಉಳಿಯದಂತೆ ಮಾರಾಟವಾಗುತ್ತಿವೆ. ಕಾಯುವವರ ಪಟ್ಟಿಯಲ್ಲಿ ಒಂದು ಲಕ್ಷದ ನಲವತ್ತು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಮಗು ಹುಟ್ಟಿದೊಡನೆ ಅದರ ಹೆಸರನ್ನು ಪಟ್ಟಿಗೆ ಸೇರಿಸುವ ತಂದೆತಾಯಿಗಳಿದ್ದಾರೆ. ಟಿಕೆಟ್ಟಿನ ಹಕ್ಕನ್ನು ಉಯಿಲಿನಲ್ಲಿ ಬರೆದಿಡುವವರೂ ಇದ್ದಾರೆ. ಆದ್ದರಿಂದಲೇ ಈ ಊರಿನಲ್ಲಿ ತರಬೇತಿ ಶಿಬಿರಕ್ಕೆ ಅಷ್ಟು ಬೆಲೆ. ಲ್ಯಾಂಬೊ ಫೀಲ್ಡ್‌ನಿಂದ ರಸ್ತೆ ದಾಟಿದರೆ ಹಳೆಯ ಆಟಗಾರ ರೇ ನಿಟ್‌ಶ್ಕೆಯ ಹೆಸರಿನ ಅಭ್ಯಾಸದ ಮೈದಾನವಿದೆ. ಶಿಬಿರದ ದಿನಗಳಲ್ಲಿ ಅಲ್ಲಿಗೆ ಪ್ರವೇಶ ಉಚಿತ. ಮೆಟ್ಟಿಲುಗಳಲ್ಲಿ ಜಾಗ ಸಿಕ್ಕರೆ ಕೂರಬಹುದು, ಇಲ್ಲವಾದರೆ ನಿಂತು ನೋಡಬಹುದು.

ಆಟಕ್ಕಿಂತ ಮೊದಲು ನಡೆಯುವ ಒಂದು ದೃಶ್ಯವಿದೆ. ಬೆಳಿಗ್ಗೆ ಆಟಗಾರರು ಉಡುಪು ತೊಟ್ಟು ಹೊರಬರುವ ಹೊತ್ತಿಗೆ ಬಾಗಿಲ ಬಳಿ ಊರಿನ ಮಕ್ಕಳು ತಮ್ಮ ತಮ್ಮ ಸೈಕಲ್ ಹಿಡಿದು ಸಾಲಾಗಿ ನಿಂತಿರುತ್ತಾರೆ. ಆಟಗಾರ ಬಂದು ಒಂದು ಮಗುವಿನ ಸೈಕಲ್ ಕೇಳಿ ಪಡೆದು, ತನ್ನ ಹೆಲ್ಮೆಟ್ಟನ್ನು ಆ ಮಗುವಿನ ಕೈಗೆ ಕೊಡುತ್ತಾನೆ. ನೂರ ನಲವತ್ತು ಕಿಲೊ ತೂಗುವ ಆಳು, ಹಿಡಿಯ ತುದಿಯಲ್ಲಿ ಬಣ್ಣದ ರಿಬ್ಬನ್ ಜೋತಾಡುವ ಗುಲಾಬಿ ಬಣ್ಣದ ಪುಟ್ಟ ಸೈಕಲ್ಲಿನ ಮೇಲೆ, ಮೊಣಕಾಲು ಗಲ್ಲಕ್ಕೆ ತಾಗುವಂತೆ ಮುದುಡಿ ಕೂತು ಪೆಡಲ್ ತುಳಿಯುತ್ತಾನೆ. ಪಕ್ಕದಲ್ಲಿ ಎಂಟು ವರ್ಷದ ಹುಡುಗಿ ತನ್ನ ತಲೆಗಿಂತ ದೊಡ್ಡದಾದ ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡು ಓಡುತ್ತಾಳೆ. ದಾರಿಯುದ್ದಕ್ಕೂ ಇಬ್ಬರ ನಡುವೆ ಮಾತು: ಯಾವ ತರಗತಿ, ನಾಯಿ ಇದೆಯೇ, ಅಣ್ಣ ಏನು ಆಡುತ್ತಾನೆ. 1959ರಿಂದ 1967ರವರೆಗೆ ಈ ತಂಡವನ್ನು ಪಳಗಿಸಿದ ಖ್ಯಾತ ಕೋಚ್ ವಿನ್ಸ್ ಲೊಂಬಾರ್ಡಿಯ ಕಾಲದಿಂದ ಬಂದ ರೂಢಿ ಇದು. ಎಷ್ಟೋ ಮಕ್ಕಳಿಗೆ ಬೇಸಿಗೆಯುದ್ದಕ್ಕೂ ಅವರದೇ ಆದ ಒಬ್ಬ ಆಟಗಾರನಿರುತ್ತಾನೆ. ಅವನು ದಿನವೂ ಅದೇ ಸೈಕಲ್ಲನ್ನೇ ಹುಡುಕಿಕೊಂಡು ಬರುತ್ತಾನೆ. ಇದಕ್ಕೆ ಟಿಕೆಟ್ಟಿಲ್ಲ. ಯಾವ ಕ್ರೀಡಾಂಗಣದ ಅತಿ ದುಬಾರಿ ಸೀಟಿನಲ್ಲಿ ಕೂತವರಿಗೂ ಈ ಭಾಗ್ಯವಿಲ್ಲ ಎಂಬುದನ್ನು ಒತ್ತಿ ಹೇಳುತ್ತೇನೆ.

ಶಿಬಿರದಲ್ಲಿ ನೋಡಲು ಏನಿದೆ, ಬರೀ ಅಭ್ಯಾಸ ತಾನೇ ಎಂದು ಕೆಲವರು ಕೇಳುತ್ತಾರೆ. ಶಿಬಿರ ಆರಂಭವಾದಾಗ ಒಂದು ತಂಡದಲ್ಲಿ 90 ಆಟಗಾರರು ಇರಬಹುದು. ಋತು ಶುರುವಾಗುವ ಹೊತ್ತಿಗೆ ಆ ಸಂಖ್ಯೆಯನ್ನು 53ಕ್ಕೆ ಇಳಿಸಬೇಕು. ಅಂದರೆ ಮೈದಾನದಲ್ಲಿ ಓಡುತ್ತಿರುವ ಹೆಚ್ಚುಕಡಿಮೆ ಐವರಲ್ಲಿ ಇಬ್ಬರಿಗೆ ಜಾಗ ಸಿಗುವುದಿಲ್ಲ. ಟೀವಿಯ ಕ್ಯಾಮೆರಾ ಎಂದೂ ತೋರಿಸದ ಆ ಹೋರಾಟ ಬೇಲಿಯ ಪಕ್ಕ ನಿಂತವನಿಗೆ ಕಾಣುತ್ತದೆ. 1994ರ ಬೇಸಿಗೆಯಲ್ಲಿ ಗ್ರೀನ್ ಬೇಯ ಶಿಬಿರದಲ್ಲಿ ಕರ್ಟ್ ವಾರ್ನರ್ ಎಂಬ, ಯಾರೂ ಹೆಸರೇ ಕೇಳಿರದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ತಂಡದ ದಾಳಿಯನ್ನು ನಡೆಸುವ ಆಟಗಾರ, ಇದ್ದ. ಅದೇ ಜಾಗಕ್ಕೆ ಅವನ ಮುಂದೆ ಸಾಲಿನಲ್ಲಿ ಬ್ರೆಟ್ ಫಾರ್ವ್ ಮುಂತಾದ ಮೂವರು. ಋತು ಶುರುವಾಗುವ ಮೊದಲೇ ವಾರ್ನರ್‌ನನ್ನು ಕೈಬಿಟ್ಟರು. ಅವನು ಅಯೊವಾಕ್ಕೆ ಮರಳಿ ದಿನಸಿ ಅಂಗಡಿಯೊಂದರಲ್ಲಿ ರಾತ್ರಿ ಪಾಳಿಯಲ್ಲಿ ಕಪಾಟುಗಳಿಗೆ ಸಾಮಾನು ಜೋಡಿಸಿದ, ಗಂಟೆಗೆ ಐದೂವರೆ ಡಾಲರ್ ಕೂಲಿಗೆ. 2000ನೇ ಇಸವಿಯ ಜನವರಿಯಲ್ಲಿ ಅದೇ ಮನುಷ್ಯ ಸೇಂಟ್ ಲೂಯಿಸ್ ರ‍್ಯಾಮ್ಸ್ ತಂಡಕ್ಕೆ ಸೂಪರ್ ಬೌಲ್ ಎಂಬ ಋತುವಿನ ಅಂತಿಮ ಪಂದ್ಯವನ್ನು ಗೆದ್ದುಕೊಟ್ಟು ಪಂದ್ಯಪುರುಷನಾದ. 1994ರಲ್ಲಿ ಅವನ ಎಸೆತಗಳನ್ನು ಕಣ್ಣಾರೆ ಕಂಡವರು ಯಾರು? ಬಿಟ್ಟಿಯಾಗಿ ಬಂದು ಬೇಲಿಗೆ ಒರಗಿ ನಿಂತ ಜನ.

ಇದೇ ವಿಸ್ಕಾನ್ಸಿನ್‌ನಲ್ಲಿ ಒಂದು ಕಾಲಕ್ಕೆ ಹೊರಗಿನ ತಂಡಗಳೂ ಬೇಸಿಗೆ ಶಿಬಿರಕ್ಕೆ ಬರುತ್ತಿದ್ದವು. ಶಿಕಾಗೊದ ಬೇರ್ಸ್ ತಂಡ ಪ್ಲ್ಯಾಟ್‌ವಿಲ್‌ಗೆ, ನ್ಯೂ ಆರ್ಲಿಯನ್ಸ್‌ನ ಸೇಂಟ್ಸ್ ಲಾ ಕ್ರಾಸ್‌ಗೆ, ಕ್ಯಾನ್ಸಸ್ ಸಿಟಿಯ ಚೀಫ್ಸ್ ರಿವರ್ ಫಾಲ್ಸ್‌ಗೆ. ಹೈನುಗಾರಿಕೆಯ ರಾಜ್ಯವಾದ್ದರಿಂದ ಜನ ಅದಕ್ಕೆ ಪ್ರೀತಿಯಿಂದ ಚೀಸ್ ಲೀಗ್ ಎಂದು ಹೆಸರಿಟ್ಟಿದ್ದರು. ಸಣ್ಣ ಕಾಲೇಜುಗಳ ವಿದ್ಯಾರ್ಥಿನಿಲಯದಲ್ಲಿ ಆಟಗಾರರು ಉಳಿಯುತ್ತಿದ್ದರು, ಊರಿನ ಹೋಟೆಲಿನಲ್ಲಿ ತಿಂಡಿ ತಿನ್ನುತ್ತಿದ್ದರು. ಒಂದೊಂದಾಗಿ ಎಲ್ಲವೂ ಹೊರಟುಹೋದವು. ಬೇರ್ಸ್ 2002ರಿಂದ ಇಲಿನಾಯ್ ರಾಜ್ಯದ ಬೂರ್ಬೊನೆ ಊರಿನ ಕಾಲೇಜಿನಲ್ಲಿ ಶಿಬಿರ ನಡೆಸುತ್ತಿತ್ತು. 2020ರಿಂದ ಲೇಕ್ ಫಾರೆಸ್ಟ್‌ನಲ್ಲಿರುವ ತನ್ನದೇ ಆವರಣಕ್ಕೆ ಮರಳಿತು. ಕೋಟಿಗಟ್ಟಲೆ ಡಾಲರ್ ಹಾಕಿ ಕಟ್ಟಿದ ಅಭ್ಯಾಸ ಕೇಂದ್ರ, ಚಿಕಿತ್ಸೆಯ ಕೊಠಡಿ, ಆಹಾರ ತಜ್ಞರು ಎಲ್ಲ ಮನೆಯಲ್ಲೇ ಇರುವಾಗ ಕಾಲೇಜಿನ ಹಳೆ ಮಂಚದ ಮೇಲೆ ಏಕೆ ಮಲಗಬೇಕು ಎಂದು ತಂಡಗಳು ಕೇಳುತ್ತವೆ. ಆಟಗಾರರ ದೇಹದ ದೃಷ್ಟಿಯಿಂದ ಅದು ಸರಿಯೇ. ಆಟಗಾರರ ಸಂಘದೊಡನೆ ಎನ್‌ಎಫ್‌ಎಲ್ ಮಾಡಿಕೊಂಡ 2011ರ ಒಪ್ಪಂದದಲ್ಲಿ ದಿನಕ್ಕೆ ಎರಡು ಬಾರಿ ಪೂರ್ಣ ಕವಚ ತೊಟ್ಟು ಅಭ್ಯಾಸ ಮಾಡಿಸುವುದನ್ನು ನಿಲ್ಲಿಸಿದ್ದೂ ಒಳ್ಳೆಯದೇ. ಆದರೆ ಇವೆಲ್ಲದರ ಒಟ್ಟು ಪರಿಣಾಮವಾಗಿ ಪ್ರೇಕ್ಷಕರ ಪಾಲಿಗೆ ದಿನಗಳು ಕಡಿಮೆಯಾದವು, ನಿಲ್ಲುವ ಜಾಗ ಕಡಿಮೆಯಾಯಿತು.

ಇನ್ನೊಂದು ತೊಡಕು ಮೊಬೈಲಿನದು. ಹಲವು ತಂಡಗಳು ಶಿಬಿರಕ್ಕೆ ಹಣ ಕೇಳುವುದಿಲ್ಲ ನಿಜ. ಆದರೆ ಉಚಿತ ಟಿಕೆಟ್ಟನ್ನು ಅಂತರ್ಜಾಲದಲ್ಲಿ ಮೊದಲೇ ಕಾದಿರಿಸಬೇಕು. ಗೊತ್ತುಪಡಿಸಿದ ಗಂಟೆಗೆ ಪುಟ ತೆರೆಯುತ್ತದೆ, ನೋಡನೋಡುತ್ತಿದ್ದಂತೆ ಮುಗಿದುಹೋಗುತ್ತದೆ. ಆ ಹೊತ್ತಿನಲ್ಲಿ ಕಾರ್ಖಾನೆಯಲ್ಲಿ ಪಾಳಿ ಮಾಡುತ್ತಿರುವ ಅಪ್ಪನಿಗೆ, ಆಸ್ಪತ್ರೆಯಲ್ಲಿ ದಾದಿಯ ಕೆಲಸದಲ್ಲಿರುವ ಅಮ್ಮನಿಗೆ ಆ ಟಿಕೆಟ್ಟು ಸಿಗುವುದು ಹೇಗೆ? ಬೆಲೆಯನ್ನು ಸೊನ್ನೆ ಮಾಡಿದರೆ ಸಾಲದು; ಕೆಲಸ ಮುಗಿಸಿ ನೇರ ಬಂದವರಿಗೂ ಒಂದಿಷ್ಟು ಜಾಗ ಮೀಸಲಿಡಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಹಳೆಯ ರೀತಿಯನ್ನು ಬಿಡದವರೂ ಇದ್ದಾರೆ. ಪೆನ್ಸಿಲ್ವೇನಿಯಾದ ಲಟ್ರೋಬ್ ಎಂಬ ಪುಟ್ಟ ಊರಿನಲ್ಲಿ ಕ್ರೈಸ್ತ ಸನ್ಯಾಸಿಗಳು 1846ರಲ್ಲಿ ಸ್ಥಾಪಿಸಿದ ಸೇಂಟ್ ವಿನ್ಸೆಂಟ್ ಕಾಲೇಜಿದೆ. ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡ 1960ರ ದಶಕದಿಂದ ಅಲ್ಲಿಗೇ ಹೋಗುತ್ತಿದೆ. ಮೈದಾನದ ಪಕ್ಕದ ಹುಲ್ಲಿನ ದಿಬ್ಬದ ಮೇಲೆ ಜನ ಚಾಪೆ ಹಾಸಿ ಕೂತು ನೋಡುತ್ತಾರೆ. ಪಿಟ್ಸ್‌ಬರ್ಗ್ ಕಡೆಯ ಉಕ್ಕಿನ ಕಾರ್ಖಾನೆಗಳು ಮುಚ್ಚಿ ಊರು ಬಿಟ್ಟು ಹೋದವರ ಮಕ್ಕಳು, ಮೊಮ್ಮಕ್ಕಳು ಬೇರೆ ರಾಜ್ಯಗಳಿಂದ ರಜೆ ಹಾಕಿ ಆ ದಿಬ್ಬಕ್ಕೆ ಬರುತ್ತಾರೆ.

ನಮ್ಮ ಜನರ ವಿಷಯಕ್ಕೆ ಬರುತ್ತೇನೆ. ಶಿಕಾಗೊ, ಮಿಲ್ವಾಕಿ, ಪಿಟ್ಸ್‌ಬರ್ಗ್ ಸುತ್ತಮುತ್ತ ಕನ್ನಡದ ಮನೆಗಳು ಸಾಕಷ್ಟಿವೆ. ಅಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಈ ಆಟ ಶಾಲೆಯ ಭಾಷೆಯಷ್ಟೇ ಸಹಜ. ಸೋಮವಾರ ಬೆಳಿಗ್ಗೆ ತರಗತಿಯಲ್ಲಿ ಅದರದೇ ಮಾತು. ಅಪ್ಪ ಅಮ್ಮಂದಿರಿಗೆ, ಊರಿನಿಂದ ಬೇಸಿಗೆಗೆಂದು ಬಂದ ಅಜ್ಜ ಅಜ್ಜಿಯರಿಗೆ ಅದು ಒಗಟು. ಪಂದ್ಯಕ್ಕೆ ನಾಲ್ಕು ಜನರ ಟಿಕೆಟ್ಟು ಕೊಳ್ಳುವುದಕ್ಕೆ ಮನಸ್ಸು ಬರುವುದಿಲ್ಲ, ಅರ್ಥವಾಗದ ಆಟಕ್ಕೆ ಇನ್ನೂ ಬರುವುದಿಲ್ಲ. ಶಿಬಿರದಲ್ಲಿ ಆ ಭಯವಿಲ್ಲ. ಅಭ್ಯಾಸದಲ್ಲಿ ಒಂದೇ ನಡೆಯನ್ನು ಮತ್ತೆ ಮತ್ತೆ ಮಾಡಿಸುವುದರಿಂದ, ಆಟ ತಿಳಿಯದವರಿಗೆ ಅದನ್ನು ಕಲಿಯಲು ಅದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಮೊಮ್ಮಗ ವಿವರಿಸುತ್ತಾನೆ, ತಾತ ಕೇಳುತ್ತಾರೆ. ಕನ್ನಡ ಕೂಟಗಳು ಬೇಸಿಗೆಯ ವನಭೋಜನ ಏರ್ಪಡಿಸುವಾಗ ಒಂದು ವರ್ಷ ಹೀಗೆ ಶಿಬಿರದ ಊರಿಗೆ ಹೋಗಬಾರದೇಕೆ?

ಹೋಗುವವರಿಗೆ ಒಂದೆರಡು ಮಾತು. ಶಿಬಿರದ ವೇಳಾಪಟ್ಟಿಯನ್ನು ತಂಡಗಳು ಬೇಸಿಗೆಯಲ್ಲಿ ಮೊದಲೇ ಪ್ರಕಟಿಸುತ್ತವೆ. ಎಲ್ಲ ದಿನಗಳೂ ಸಾರ್ವಜನಿಕರಿಗೆ ತೆರೆದಿರುವುದಿಲ್ಲ, ಮಳೆ ಬಂದರೆ ಒಳಾಂಗಣಕ್ಕೆ ಹೋಗಿಬಿಡುತ್ತಾರೆ. ಆದ್ದರಿಂದ ಹಿಂದಿನ ರಾತ್ರಿ ಇನ್ನೊಮ್ಮೆ ನೋಡಿಕೊಳ್ಳಿ. ಗ್ರೀನ್ ಬೇಯಲ್ಲಿ ಆಗಸ್ಟಿನ ಆರಂಭದಲ್ಲಿ ಫ್ಯಾಮಿಲಿ ನೈಟ್ ಎಂಬ ಒಂದು ಸಂಜೆಯ ಅಭ್ಯಾಸ ಕ್ರೀಡಾಂಗಣದ ಒಳಗೇ ನಡೆಯುತ್ತದೆ. ಟಿಕೆಟ್ಟು ಇತ್ತೀಚಿನ ವರ್ಷಗಳಲ್ಲಿ 10 ಡಾಲರ್, ಕೊನೆಯಲ್ಲಿ ಪಟಾಕಿಯ ಬೆಳಕು. ಕಾಯುವವರ ಪಟ್ಟಿಯಲ್ಲಿ ಹೆಸರಿಲ್ಲದವರೂ ಲ್ಯಾಂಬೊ ಫೀಲ್ಡ್‌ನ ಒಳಗೆ ಕೂರುವುದಕ್ಕೆ ಅದು ಒಳ್ಳೆಯ ಸಂದರ್ಭ. ನೆತ್ತಿಗೆ ಟೋಪಿ, ಕುಡಿಯುವ ನೀರು ಇರಲಿ. ಮಕ್ಕಳಿದ್ದರೆ ಕಾರಿನ ಹಿಂದೆ ಅವರ ಸೈಕಲ್ ಕಟ್ಟಿಕೊಳ್ಳಿ, ಅಭ್ಯಾಸಕ್ಕೆ ಸಾಕಷ್ಟು ಮೊದಲೇ ಹೋಗಿ ಸಾಲಿನಲ್ಲಿ ನಿಲ್ಲಿಸಿ. ಹೊರ ಊರಿನವರೆಂದು ಯಾರೂ ನಿಮ್ಮನ್ನು ಹಿಂದಕ್ಕೆ ಕಳಿಸುವುದಿಲ್ಲ.

ಕೇಳಿದ ನಿಮಗೆಲ್ಲ ವಂದನೆಗಳು. ನಮಸ್ಕಾರ.